ರಕ್ತ ನೋಡಿ ಹೇಳಿದ್ದು

ಸುಮಿತ್ರಾಗೆ ತನ್ನ ಭಾವ, ಗಂಡನ ಅಣ್ಣ ಸತ್ಯಮೂರ್ತಿಯ ಮೇಲೆ ಮೊದಲಿಂದಲೂ ಅಂಥಾ ಗೌರವವೇನೂ ಇರಲಿಲ್ಲ. ಇದ್ದ ಚೂರುಪಾರೂ ಆಸ್ಪತ್ರೆಯ ವರಾಂಡದಲ್ಲಿ ಕರಗಿಹೋಯಿತು.

ಎಂಬತ್ತೇಳರ ಬೇಸಿಗೆಯಲ್ಲಿ ಅವಳ ಗಂಡ ಜಯಸಿಂಹ ಮುಂಬಯಿಯ ವಿಕ್ರೋಳಿಯ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಲೇ ಕುಸಿದುಬಿದ್ದ. ಮೆದುಳಿನಲ್ಲಿ ರಕ್ತಸ್ರಾವ, ಪ್ರಜ್ಞೆಯಿಲ್ಲ. ವಿಜಾಪುರದ ಕಡೆಯ ಡಾಕ್ಟರ್ ಗುರಲಿಂಗಪ್ಪ ಅವಳನ್ನೂ ಸತ್ಯಮೂರ್ತಿಯನ್ನೂ ಕೂರಿಸಿಕೊಂಡು ಮುಚ್ಚುಮರೆಯಿಲ್ಲದೆ ಹೇಳಿದ.

"ಎಲ್ಲಾರಿಗೂ ಮಾಡೋ ರಕ್ತಪರೀಕ್ಷಿನ ಅಕ್ಕಾರ. ಸಕ್ಕರಿರೋಗ ಇಲ್ಲದವರಿಗೂ ಶುಗರ್ ಹಿಂಗ ಏರಿದ್ರ, ಬಿಳಿ ಕಣಾನೂ ಏರಿದ್ರ, ಪೆಟ್ಟು ಜೋರ ಬಿದ್ದೈತಿ ಅಂತ ನಮ್ಮ ಅಂದಾಜು. ಇಂಥವರೊಳಗ ಭಾಳ ಮಂದಿ ಉಳಿಯೂದಿಲ್ಲ. ಆದ್ರ ಇವರು ಉಳೀತಾರೋ ಇಲ್ಲೋ, ಅದನ್ನ ರಕ್ತ ಹೇಳೂದಿಲ್ರಿ."

ಕೊನೆಯ ಮಾತು ಸತ್ಯಮೂರ್ತಿಯ ಕಿವಿಗೆ ಬೀಳಲೇ ಇಲ್ಲ. ಥರ್ಮಾಮೀಟರ್ ಓದಲು ಬಾರದ ಆ ರಿಟೈರ್ಡ್ ಹೆಡ್‌ಕ್ಲಾರ್ಕ್ ಅಂದಿನಿಂದ ಪಂಡಿತನಾಗಿಬಿಟ್ಟ. ನೋಡಲು ಬಂದವರನ್ನೆಲ್ಲ ಲಿಫ್ಟಿನ ಹತ್ತಿರವೇ ತಡೆದು, "ಶುಗರ್ ಇನ್ನೂರೈವತ್ತು. ಕೌಂಟ್ ಹದಿನೆಂಟು ಸಾವಿರ. ಮುಗೀತು ಅಂತಲೇ ಲೆಕ್ಕ," ಎನ್ನುತ್ತಿದ್ದ. ಅವರು ಸುಮಿತ್ರಾಗೆಂದು ತಂದ ಇಡ್ಲಿಯನ್ನು ಮಾತ್ರ ತಾನೇ ಕೂತು ತಿನ್ನುತ್ತಿದ್ದ.

ಜಯಸಿಂಹನ ಜತೆ ಕೆಲಸ ಮಾಡುವ ಕಾಂತಪ್ಪ ಬಂದವನು ತಲೆ ತಗ್ಗಿಸಿಯೇ ಹೇಳಿದ: "ಅಕ್ಕಾ, ನಿಮ್ಮ ಭಾವ ನಿನ್ನೆ ನಮ್ಮ ಆಫೀಸಿಗೆ ಬಂದಿದ್ರು. ಜಯಸಿಂಹನ ಜಾಗಕ್ಕೆ ತಮ್ಮ ಮಗನ್ನ ತಗೋತೀರಾ ಅಂತ ಕೇಳಿದ್ರು."

ಸುಮಿತ್ರಾ ನೇರ ಭಾವನ ಮುಂದೆ ಹೋಗಿ ನಿಂತಳು.

"ನಿಮಗೆ ಮಕ್ಕಳಿಲ್ಲ. ನಮ್ಮ ಕಿಟ್ಟುಗಾದರೂ ಆಗಲಿ ಅಂತ," ಎಂದ ಆತ, ನಾಚಿಕೆಯ ಸುಳಿವೂ ಇಲ್ಲದೆ. "ಸೈನ್ಸೇ ಹೇಳ್ತಿದೆಯಲ್ಲಮ್ಮ."

"ಸೈನ್ಸ್ ಹೇಳಿದ್ದನ್ನ ನಾನೂ ಕೇಳಿದೀನಿ. ನೀವು ಹೇಳ್ತಿರೋದು ನಿಮ್ಮ ಆಸೆ."

ಅವನ ಜೇಬಿನಿಂದ ವಿಸಿಟರ್ ಪಾಸ್ ಎಳೆದುಕೊಂಡು ಲಿಫ್ಟಿನ ದಾರಿ ತೋರಿಸಿದಳು.

ಶುಗರ್ ಮೆಲ್ಲಗೆ ಇಳಿಯಿತು. ಜಯಸಿಂಹ ಕಣ್ಣುಬಿಟ್ಟ. ಬಲಗೈಗೆ ಮತ್ತೆ ಜೀವ ಬರಲಿಲ್ಲ, ಮಾತು ತೊದಲಿತು. ಆದರೂ ಮನೆಗೆ ಬಂದ. ಬೀಳ್ಕೊಡುವಾಗ ಗುರಲಿಂಗಪ್ಪ, "ನಾ ಕೆಟ್ಟದ್ದಕ್ಕ ತಯಾರಾಗಿದ್ದೆ ಅಕ್ಕಾರ. ತಪ್ಪಿತಲ್ಲ, ಛಲೋ ಆತು," ಎಂದು ಮನಸಾರೆ ನಕ್ಕ. ಆತನ ಮೇಲೆ ಅವಳಿಗೆ ಸಿಟ್ಟೇ ಬರಲಿಲ್ಲ.

ಮುಂದಿನ ಭಾನುವಾರ ಸತ್ಯಮೂರ್ತಿ ಬಾಳೆಹಣ್ಣು ಹಿಡಿದು ಹಾಜರಾದ. "ಗಟ್ಟಿ ಆಸಾಮಿ, ಏನೂ ಆಗಲ್ಲ ಅಂತ ನಾನು ಅವತ್ತೇ ಹೇಳಿದ್ದೆ," ಎಂದು ಕುರ್ಚಿ ಎಳೆದುಕೊಂಡ.

ಸುಮಿತ್ರಾ ಗಂಡನತ್ತ ತಿರುಗಿದಳು. "ನಿಮ್ಮಣ್ಣ ನಿಮ್ಮ ಕೆಲಸವನ್ನ ಕಿಟ್ಟುಗೆ ಕೇಳೋಕೆ ಆಫೀಸಿಗೆ ಹೋಗಿದ್ರು."

ಜಯಸಿಂಹ ಅಣ್ಣನನ್ನೇ ದಿಟ್ಟಿಸಿದ. ನಾಲಿಗೆ ಹೊರಳಿಸಲು ಹೆಣಗಾಡಿ, "ಸಿಕ್... ಸಿಕ್ತಾ?" ಎಂದು ಕೇಳಿದ.

ಸತ್ಯಮೂರ್ತಿ ಲೋಕಲ್ ಟ್ರೈನಿಗೆ ಹೊತ್ತಾಯಿತೆಂದು ಎದ್ದ. ಕಾಫಿ ಕುಡಿದು ಹೋಗಿ ಎಂದು ಸುಮಿತ್ರಾ ಹೇಳಲಿಲ್ಲ.