ಇಂಜಿನ್ನಿನ ನೆರಳು ಬದಿ

ಬೆಚ್ಚಗಿದೆ, ಅಂಗೈಯಡಿ ತಗಡು ಬೆಚ್ಚಗಿದೆ, ಈಗಷ್ಟೇ ಯಾರೋ ಎದ್ದುಹೋದ ಹಾಸಿಗೆಯ ಹಾಗೆ — ಆದರೆ ಬಾನೆಟ್ಟಿನ ಮೇಲೆ ಬಿಸಿಲು ಬೀಳುತ್ತಿದೆಯಲ್ಲ, ಬಿಸಿಲಿಗೆ ತಗಡು ಕಾಯದೆ ಇನ್ನೇನು ಮಾಡೀತು, ಕಳೆದ ತಿಂಗಳೂ ಹೀಗೆಯೇ ಆಗಿತ್ತು, ಕೊಳ್ಳಲೆಂದು ನೋಡಹೋದ ಆ ಕೆಂಪು ಟ್ರ್ಯಾಕ್ಟರಿನ ಮೇಲೆ ಕೈಯಿಟ್ಟವಳೇ ಅಪ್ಪಾ ಬಾಯಾರಿಕೆ ಅಂದುಬಿಟ್ಟಿದ್ದಳು. ಬಾಯಾರಿಕೆ ಎಂದರೆ ಇಂಜಿನ್ ಬಿಸಿಯಾಗಿದೆ, ನಾವು ಬರುವ ಮೊದಲೇ ಹೇಗೋ ಒದ್ದಾಡಿ ಹೊತ್ತಿಸಿ ಆರಿಸಿಟ್ಟಿದ್ದಾರೆ, ಬೇಡ — ಅಪ್ಪನೂ ಅವಳೂ ಅಡುಗೆಮನೆಯಲ್ಲಿ ಕೂತು ಗೊತ್ತುಮಾಡಿಕೊಂಡ ಸಂಕೇತ. ಹಳೇ ಗಾಡಿ ನೋಡೋಕೆ ಹೋದ್ರೆ ಮಾತಾಡೋ ಮುಂಚೆ ಮುಟ್ಟಬೇಕು ಕಣಮ್ಮ, ತಣ್ಣಗಿರೋವಾಗ ಹೊತ್ತಿಕೊಂಡ್ರೆ ಮಾತ್ರ ಅದು ಗಾಡಿ, ನಾನು ಮುಟ್ಟಿದ್ರೆ ಅವರಿಗೆ ಗೊತ್ತಾಗುತ್ತೆ, ನೀನಾದ್ರೆ ಏನೋ ಹುಡುಗಿ ಸುಮ್ನೆ ಒರಗಿ ನಿಂತಿದ್ದಾಳೆ ಅಂದ್ಕೊತಾರೆ ಎಂದಿದ್ದ ಅಪ್ಪ. ಮೂಲೆ ಹಿಡಿದು ನಿಲ್ಲುವ ತನ್ನ ಅಭ್ಯಾಸವೂ ಒಂದು ಕೆಲಸಕ್ಕೆ ಬಂತೆಂದು ಒಳಗೊಳಗೇ ಹಿಗ್ಗಿದ್ದಳು. ಆದರೆ ಕೆಂಪು ಟ್ರ್ಯಾಕ್ಟರನ್ನು ಕಾಯಿಸಿದ್ದು ಬರೀ ಬಿಸಿಲು. ಇವರು ಬೇಡವೆಂದು ಬಂದ ಮೂರನೇ ದಿನಕ್ಕೆ ಮಾವ, ಅಮ್ಮನ ತಮ್ಮ, ಅದನ್ನೇ ಕೊಂಡ, ಎಂಥ ಚಳಿಗೂ ಒಮ್ಮೆ ಸೆಲ್ಫ್ ಒತ್ತಿದರೆ ಗುಡುಗುಡು ಅನ್ನುತ್ತದೆ, ಭಾವ ಬಿಟ್ಟಿದ್ದು ನನ್ನ ಪಾಲಿಗೆ ಬಂತು ನೋಡಿ ಎಂದು ಸಿಕ್ಕಸಿಕ್ಕವರಿಗೆಲ್ಲ ಹೇಳಿಕೊಂಡು, ಅದರಲ್ಲೇ ಇವರ ಹೊಲವನ್ನೂ ಉತ್ತುಕೊಟ್ಟ, ಅಪ್ಪ ಬದುವಿನ ಮೇಲೆ ನಿಂತು ನೋಡಿದ, ತನ್ನ ಹೊಲಕ್ಕೇ ಬಂದ ನೆಂಟನ ಹಾಗೆ, ಶರ್ಟಿನ ಗುಂಡಿಯೊಂದನ್ನು ಹಾಕಿಕೊಳ್ಳಲು ಹೆಣಗುತ್ತ.

ಆ ಹೆಬ್ಬೆರಳು. ಮನೆಯ ಹಳೇ ಟ್ರ್ಯಾಕ್ಟರಿನ ಸೆಲ್ಫ್ ಸತ್ತು ಎಷ್ಟೋ ವರ್ಷವಾಗಿತ್ತು, ಮುಂದಿನ ತೂತಿಗೆ ಹ್ಯಾಂಡಲ್ ತೂರಿಸಿ ತಿರುಗಿಸಿ ತಿರುಗಿಸಿ ಹೊತ್ತಿಸಬೇಕು, ಹೆಬ್ಬೆರಳು ಉಳಿದ ಬೆರಳುಗಳ ಪಕ್ಕದಲ್ಲೇ ಇರಬೇಕು, ಸುತ್ತಿ ಹಿಡಿದ್ರೆ ಇಂಜಿನ್ ಹಿಂದಕ್ಕೆ ಒದ್ದಾಗ ಕೈ ಬಿಡಿಸ್ಕೊಳ್ಳೋಕಾಗಲ್ಲ — ಹತ್ತು ವರ್ಷದವಳಿಗೆ ಹೇಳಿಕೊಟ್ಟವನು ಅಪ್ಪ, ಒಂದು ಚಳಿಯ ಬೆಳಿಗ್ಗೆ ಮೂವತ್ತನೇ ಸುತ್ತಿಗೋ ನಲವತ್ತನೇ ಸುತ್ತಿಗೋ ಸುಸ್ತಾಗಿ ಸುತ್ತಿ ಹಿಡಿದವನೂ ಅಪ್ಪನೇ. ಒದೆಯಿತು. ಅವಳು ಅಂಗಳದಲ್ಲಿ ಹಲ್ಲುಜ್ಜುತ್ತಿದ್ದಳು, ಒಣಕಡ್ಡಿ ಮುರಿದ ಸದ್ದು, ಅಷ್ಟೇ. ಮೂಳೆ ಕೂಡಿಕೊಂಡಿತು, ಬೆರಳಿಗೆ ಮಡಚುವುದು ಮರೆತುಹೋಯಿತು, ಈಗ ಅದು ಯಾವಾಗಲೂ ಮೇಲೆದ್ದೇ ನಿಂತಿರುತ್ತದೆ, ಉಳಿದ ನಾಲ್ಕರ ಜೊತೆ ಮಾತು ಬಿಟ್ಟ ಹಾಗೆ, ಲೋಟ ಹಿಡಿದರೂ ದೂರ, ಪೆನ್ನು ಹಿಡಿದರೂ ದೂರ. ಇನ್ನೊಂದು ಸಲ ಪೆಟ್ಟು ಬಿದ್ರೆ ಆ ಕೈ ಆಸೆ ಬಿಡಿ ಎಂದರು ಡಾಕ್ಟರು. ಸೆಲ್ಫಲ್ಲಿ ಏಳದ ಗಾಡಿ ಈ ಅಂಗಳಕ್ಕೆ ಬಂದ್ರೆ ನಾನಿರ್ತೀನಿ ಇಲ್ಲ ಅದಿರುತ್ತೆ ಎಂದಳು ಅಮ್ಮ, ನಿನ್ನಷ್ಟು ಜೋರಾಗಿ ಸದ್ದು ಮಾಡೋ ಗಾಡಿ ನಂಗೆಲ್ಲಿ ಸಿಗುತ್ತೆ ಹೇಳು ಎಂದ ಅಪ್ಪ, ಅಮ್ಮ ನಗಲಿಲ್ಲ.

ಇಲ್ಲಿ ಎಲ್ಲರೂ ನಗುತ್ತಿದ್ದಾರೆ. ಗಾಡಿ ಮಾರುವವರು ರಿಟೈರಾದ ಡ್ರಾಯಿಂಗ್ ಮೇಷ್ಟ್ರು, ನನಗಿಂತ ಹತ್ತು ವರ್ಷ ಚಿಕ್ಕದು ಸ್ವಾಮಿ, ಆದ್ರೆ ನನಗಿಂತ ಬೇಗ ಏಳುತ್ತೆ, ಸೆಲ್ಫ್ ಒತ್ತಿ ತೋರಿಸ್ಲಾ. ಪುಟ್ಟದು, ಬೂದು ಬಣ್ಣ, ಬಾನೆಟ್ಟು ಅವಳ ಎದೆಮಟ್ಟಕ್ಕೆ, ತಿರುಗಿಸಲು ಜಾಗವಿಲ್ಲದ ತಮ್ಮ ಓಣಿಯಂಥ ಹೊಲಕ್ಕೆ ಹೇಳಿ ಮಾಡಿಸಿದ ಹಾಗೆ, ಇಂಥಾದ್ರಲ್ಲೇ ನಾನು ಕಲ್ತಿದ್ದು ಗೊತ್ತಾ, ನಮ್ಮಪ್ಪನ ತೊಡೆ ಮೇಲೆ ಕೂತು, ಎನ್ನುತ್ತ ಅಪ್ಪ ಎಡಗೈಯಲ್ಲಿ ಸ್ಟೀರಿಂಗ್ ಸವರುತ್ತಿದ್ದಾನೆ, ಹೀಗೆ ನಕ್ಕು ಎಷ್ಟು ಕಾಲವಾಯಿತು. ಮತ್ತೆ ಬಿಸಿಲನ್ನೇ ಬೆಂಕಿ ಅಂದುಕೊಂಡರೆ ಎರಡನೇ ಗಾಡಿಯೂ ಅವಳ ಕೈಯಿಂದಲೇ ಹೋಗುತ್ತದೆ. ಸುಮ್ಮನಿದ್ದು, ನಿಜಕ್ಕೂ ಬಿಸಿಯಿದ್ದರೆ — ಶೆಡ್ಡಿನ ಗೋಡೆಗೆ ಒರಗಿಸಿದ ಹ್ಯಾಂಡಲಿನ ಹಿಡಿ ಮಾತ್ರ ಯಾಕೆ ಅಷ್ಟು ಪಳಪಳ ಅನ್ನುತ್ತಿದೆ. ನೆರಳು ಬದಿ ಮುಟ್ಟು, ಪೆದ್ದಿ, ಆವತ್ತು ಯಾಕೆ ಹೊಳೆಯಲಿಲ್ಲ, ಬಿಸಿಲು ಕಾಣದ ಬದಿಯ ಕಬ್ಬಿಣ ಸುಳ್ಳು ಹೇಳಲಾರದು. ಆದರೆ ಅತ್ತ ಹೋಗಬೇಕು, ಅವರಿಬ್ಬರ ನಡುವೆ ಹಾಯ್ದು, ಕುಕ್ಕರಗಾಲಲ್ಲಿ ಕೂತು ಬಗ್ಗಬೇಕು, ಏನಮ್ಮಾ ಹುಡುಕ್ತಿದ್ದೀಯ ಎಂದು ಮೇಷ್ಟ್ರು ಕೇಳಿಯೇ ಕೇಳುತ್ತಾರೆ, ಕೇಳಿದರು, ಓಲೆ ಬಿತ್ತು ಅನ್ಸುತ್ತೆ ಎಂದಳು, ಎರಡೂ ಓಲೆ ಕಿವಿಯಲ್ಲೇ ಇವೆ, ದೇವರೇ, ಕಿವಿ ಕೆಂಡವಾಯಿತು. ಎಣ್ಣೆಯೂ ಧೂಳೂ ಸೇರಿ ದಪ್ಪಗೆ ಕಟ್ಟಿದ ಕರಿಯ ಮೇಲೆ ಅಂಗೈಯೊತ್ತಿದಳು. ಚುರ್ ಅಂದಿತು. ಬಿಸಿಲಲ್ಲ, ಇದು ಬಿಸಿಲಲ್ಲ. ಕೈ ತೆಗೆದಾಗ ಕಂಡಿತು, ಅವಳ ಗುರುತಿನ ಪಕ್ಕದಲ್ಲೇ ಇನ್ನೊಂದು ಅಂಗೈ, ಅವಳದಕ್ಕಿಂತ ದೊಡ್ಡದು, ಹಸಿಹಸಿ ಗುರುತು, ಒಂದು ಎರಡು ಮೂರು ನಾಲ್ಕು ಬೆರಳು.

ನಾಲ್ಕೇ. ಅವಳು ಗೇಟಿನ ಚಿಲಕ ಹಾಕುತ್ತಿದ್ದಾಗ ಟಯರು ನೋಡ್ತೀನಿ ಅಂತ ಅಪ್ಪ ಇತ್ತ ಬಂದಿದ್ದ. ಅವನಿಗೆ ಗೊತ್ತು, ಗೊತ್ತಿದ್ದೂ ನಗುತ್ತಿದ್ದಾನೆ — ಅಪ್ಪಾ, ಬಾಯಾರಿಕೆ. ಎದ್ದು ನಿಂತು ಹೇಳಿಯೇಬಿಟ್ಟಳು, ತಾನೇ ಬೆಚ್ಚಿಬೀಳುವಷ್ಟು ಜೋರಾಗಿ. ಅಪ್ಪ ಅವಳ ಮುಖ ನೋಡಲಿಲ್ಲ, ಕರಿ ಮೆತ್ತಿದ ಅಂಗೈ ನೋಡಿದ. ತಡ್ಕೊಳಮ್ಮ, ಮನೆಗೆ ಹೋಗಿ ಕುಡಿದ್ರಾಯ್ತು, ನೀವು ಒತ್ತಿ ಮೇಷ್ಟ್ರೇ. ಅಯ್ಯೋ, ಬಾಯಾರಿಕೆ ಅಂದ್ರೆ ತಡ್ಕೋ ಅಂತಾರೇನ್ರೀ, ಮೇಷ್ಟ್ರು ಒಳಕ್ಕೆ ಕೂಗಿದರು, ಒಳಗಿನಿಂದ ಅವರ ಹೆಂಡತಿ ಲೋಟ ತುಂಬ ನೀರು ತಂದರು, ಕುಡೀಮ್ಮಾ ಪಾಪ, ಅವಳು ಕುಡಿದಳು, ಗುಟುಕು ಗುಟುಕಾಗಿ, ಕುಡಿಯುವಷ್ಟು ಹೊತ್ತು ಏನೂ ಹೇಳಬೇಕಿಲ್ಲ, ಸೆಲ್ಫ್ ಒತ್ತಿದ ಕೂಡಲೇ ಇಂಜಿನ್ ಗುಡುಗಿತು, ಒಂದೇ ಸಲಕ್ಕೆ, ಹೇಳಲಿಲ್ವಾ ನಾನು ಎಂದರು ಮೇಷ್ಟ್ರು, ಅಮ್ಮನಿಗೆ ಏನು ಹೇಳುವುದು, ಮಾವನನ್ನು ಕರೆಯಬೇಕಾಗಿಲ್ಲ ಇನ್ನು, ಅಪ್ಪ ಬದುವಿನ ಮೇಲೆ ನಿಲ್ಲಬೇಕಾಗಿಲ್ಲ, ಚಳಿಯ ಬೆಳಿಗ್ಗೆ, ಮೂವತ್ತನೇ ಸುತ್ತು, ಒಣಕಡ್ಡಿ, ಲೋಟ ಖಾಲಿಯಾಯಿತು, ಅಪ್ಪ ಬೆನ್ನ ಹಿಂದೆ ಕೈ ಕಟ್ಟಿ ನಿಂತಿದ್ದಾನೆ, ಬೆರಳು ನಾಲ್ಕು ಕಪ್ಪಗೆ, ಹೆಬ್ಬೆರಳು ಬೆಳ್ಳಗೆ, ಮೇಲೆದ್ದು, ನಾಲ್ಕು ಕಪ್ಪಗೆ, ಒಂದು ಬೆಳ್ಳಗೆ