ಹತ್ತೊಂಬತ್ತು ತ್ಯಾಗದ ಹೊಡೆತಗಳು

ಅಮೆರಿಕದ ಮೊನೊಂಗಹೇಲಾ ನದಿಯ ದಂಡೆಯ ಉಕ್ಕಿನ ಊರುಗಳಲ್ಲಿ ಬೇಸ್‌ಬಾಲ್ ಆಡಿದವರಿಗೆ ವಯಸ್ಸಾಗುತ್ತದೆ, ಅವರ ಅಂಕಿಗಳಿಗೆ ಆಗುವುದಿಲ್ಲ. ವೆಂಡೆಲ್ ಹಾರ್ಟ್‌ಸಾಕ್ ಹದಿನೈದು ವರ್ಷ ಅಂಥದೊಂದು ಊರಿನ ತಂಡಕ್ಕೆ ಬ್ಯಾಟು ಬೀಸಿ, ಆಮೇಲೆ ಲೀಗಿನ ಅಂಕಿಪುಸ್ತಕಗಳನ್ನು ನೋಡಿಕೊಳ್ಳುವವನಾದ. ಊರಿನ ಸಾರ್ವಕಾಲಿಕ ಶ್ರೇಷ್ಠ ಬ್ಯಾಟುಗಾರನ ಹೆಸರನ್ನು ಮೈದಾನದ ಗೋಡೆಯ ಮೇಲೆ ಬರೆಸಬೇಕೆಂದು 1986ರಲ್ಲಿ ಲೀಗು ತೀರ್ಮಾನಿಸಿದಾಗ, ಹೋಲಿಸಿ ನೋಡುವ ಕೆಲಸವೂ ಅವನ ಪಾಲಿಗೇ ಬಂತು.

ಕಣದಲ್ಲಿ ಉಳಿದವರು ಇಬ್ಬರೇ: 1940ರಿಂದ 1953ರವರೆಗೆ ಆಡಿದ ಕ್ಯಾಸ್ ಡ್ರೋಬ್ನಿ ಮತ್ತು ಅವನ ನಂತರ ಆಡಿದ ವೆಂಡೆಲ್ ತಾನೇ. ಬ್ಯಾಟು ಹಿಡಿದ ಸಾವಿರ ಸರದಿಗೆ ಕ್ಯಾಸ್‌ನ ಹಿಟ್‌ಗಳು, ಅಂದರೆ ಔಟಾಗದೆ ಬೇಸು ಮುಟ್ಟಿಸಿದ ಹೊಡೆತಗಳು, ಮುನ್ನೂರ ನಲವತ್ತೇಳು. ವೆಂಡೆಲ್‌ನವು ಮುನ್ನೂರ ಐವತ್ತು.

ಆದರೆ ಎರಡು ಕಾಲದ ನಿಯಮ ಒಂದೇ ಆಗಿರಲಿಲ್ಲ. ಎತ್ತರಕ್ಕೆ ಬಾರಿಸಿ, ಕ್ಯಾಚಾಗಿ ತಾನು ಔಟಾದರೂ, ಮೂರನೇ ಬೇಸಿನಲ್ಲಿ ನಿಂತ ಜೊತೆಗಾರನನ್ನು ಓಡಿಸಿ ತಂಡಕ್ಕೆ ರನ್ ತಂದುಕೊಡುವುದು ತ್ಯಾಗದ ಹೊಡೆತ. ವೆಂಡೆಲ್‌ನ ಕಾಲದಲ್ಲಿ ಅದನ್ನು ಸರದಿಯೆಂದು ಎಣಿಸುತ್ತಿರಲಿಲ್ಲ; ಕ್ಯಾಸ್‌ನ ಕಾಲದಲ್ಲಿ ಬರೀ ಔಟೆಂದೇ ಎಣಿಸುತ್ತಿದ್ದರು. ಮಾರ್ಚ್ ತಿಂಗಳ ಒಂದು ಭಾನುವಾರ ವೆಂಡೆಲ್ ಹಳೆಯ ಪುಸ್ತಕಗಳ ಪುಟಪುಟವನ್ನೂ ತಿರುವಿ ಅಂಥವನ್ನು ಹೆಕ್ಕಿದ. ಹತ್ತೊಂಬತ್ತು ಸಿಕ್ಕವು. ಸರದಿಗಳ ಲೆಕ್ಕದಿಂದ ಅವನ್ನು ಕಳೆದರೆ ಕ್ಯಾಸ್‌ನದು ಸಾವಿರಕ್ಕೆ ಮುನ್ನೂರ ಐವತ್ತೆರಡು. ವೆಂಡೆಲ್ ಪುಸ್ತಕ ಮುಚ್ಚಿದ. ಲೀಗಿಗೆ ಮೊದಲಿನ ಅಂಕಿಗಳನ್ನೇ ಕೊಟ್ಟ.

ಆಗಸ್ಟಿನಲ್ಲಿ ಗೋಡೆಯ ಮೇಲೆ ಅವನ ಹೆಸರು ಮೂಡಿತು. ಮರುದಿನ ಬೆಳಿಗ್ಗೆ ಅವನು ಕ್ಷೌರದಂಗಡಿಗೆ ಕಾಲಿಡುತ್ತಲೇ ಕ್ಷೌರಿಕ ಓಟಿಸ್ ರೇಗಿಸಿದ: "ಬಾರಪ್ಪಾ ಮುನ್ನೂರ ಐವತ್ತು! ಇವತ್ತು ತಲೆಗೆ ಕತ್ತರಿ ಹಾಕ್ಲೋ, ಕಿರೀಟ ಇಡ್ಲೋ?"

ಮುಖದ ತುಂಬ ನೊರೆ ಹಚ್ಚಿಸಿಕೊಂಡು ಕುರ್ಚಿಯಲ್ಲಿ ಕೂತಿದ್ದವನು ಕ್ಯಾಸ್.

"ಅವ್ನನ್ನ ಯಾಕೋ ಗೋಳು ಹೊಯ್ಕೋತೀಯ?" ಎಂದ ಮುದುಕ. "ವೆಂಡೆಲ್ ಕೂಡಿಸಿ ಕಳ್ದಿದ್ದಾನೆ ಅಂದ್ಮೇಲೆ ಮಾತು ಮುಗೀತು. ಕೈ ಕೊಡಪ್ಪಾ."

ಚಾಚಿದ ಆ ಕೈಯನ್ನು ಹಿಡಿಯಲು ವೆಂಡೆಲ್‌ಗೆ ಆಗಲಿಲ್ಲ.

"ನಿಮ್ಮವು ಹತ್ತೊಂಬತ್ತು ತ್ಯಾಗದ ಹೊಡೆತ ಇವೆ, ಕ್ಯಾಸ್. ಅವನ್ನ ತೆಗೆದ್ರೆ ನೀವೇ ಮುಂದೆ."

ಓಟಿಸ್‌ನ ಕತ್ತಿ ಗಾಳಿಯಲ್ಲೇ ನಿಂತಿತು. ಮುದುಕ ನಕ್ಕು, ಆ ಕಾಲದ ನಿಯಮ ಆ ಕಾಲಕ್ಕೆ, ಬಿಡು ಎಂದುಬಿಡಲಿ ಎಂದು ವೆಂಡೆಲ್ ಒಳಗೊಳಗೇ ಬೇಡಿಕೊಂಡ. ಮುದುಕ ನಕ್ಕದ್ದೇನೋ ಹೌದು.

"ಹತ್ತೊಂಬತ್ತೇನಾ? ನಾನು ಇನ್ನೂ ಜಾಸ್ತಿ ಅಂದ್ಕೊಂಡಿದ್ದೆ." ಆಮೇಲೆ ಕೇಳಿದ: "ಯಾವಾಗ ಗೊತ್ತಾಯ್ತು?"

"ಮಾರ್ಚ್‌ನಲ್ಲಿ."

"ಈಸ್ಟರಿಗೆ ನಮ್ಮನೇಲಿ ಊಟ ಮಾಡ್ದೆ."

"ಹೌದು."

"ಜೂನಲ್ಲಿ ಎರಡು ದಿನ ನನ್ ದೋಣೀಲಿ ಕೂತು ಮೀನು ಹಿಡಿದೆ."

ಮುದುಕ ಕನ್ನಡಿಯ ಕಡೆ ತಿರುಗಿದ. "ನಿನ್ ಕೆಲಸ ಮುಗ್ಸು, ಓಟಿಸ್."

ಗೋಡೆಯ ಹೆಸರನ್ನು ವೆಂಡೆಲ್ ತಾನೇ ಏಣಿ ಹತ್ತಿ ಅಳಿಸಿದನೆಂದು ಕೆಲವರು, ಪೇಂಟರನನ್ನು ಕರೆಸಿದನೆಂದು ಕೆಲವರು ಹೇಳುತ್ತಾರೆ. ಮುಂದಿನದರಲ್ಲಿ ಭಿನ್ನಮತವಿಲ್ಲ. ಅಲ್ಲಿಂದಾಚೆಗೆ ಪ್ರತಿ ಸೋಮವಾರ ವೆಂಡೆಲ್ ವಾರದ ಅಂಕಿಪಟ್ಟಿಯನ್ನು ಮೈದಾನದ ಬಾಗಿಲಿಗೆ ಅಂಟಿಸಿದೊಡನೆ ಕ್ಯಾಸ್ ಬರುತ್ತಿದ್ದ. ಸೌಜನ್ಯದಿಂದಲೇ ನಮಸ್ಕರಿಸಿ, ಕನ್ನಡಕ ಏರಿಸಿ, ಪೆನ್ಸಿಲ್ ಹಿಡಿದು ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಎಲ್ಲವನ್ನೂ ಮತ್ತೆ ಲೆಕ್ಕ ಹಾಕುತ್ತಿದ್ದ. ಒಂದು ತಪ್ಪೂ ಸಿಗುತ್ತಿರಲಿಲ್ಲ. ಅವನು ಮುಗಿಸುವವರೆಗೂ ವೆಂಡೆಲ್ ಟೊಪ್ಪಿ ಕೈಯಲ್ಲಿ ಹಿಡಿದು, ಬಿಸಿಲಿನಲ್ಲಿ, ಪಕ್ಕದಲ್ಲೇ ನಿಂತಿರುತ್ತಿದ್ದ.