ಹಿಂಬಾಗಿಲ ಸ್ಟೆಪ್ನಿ

ಡ್ವೇನ್ ಹ್ಯಾಕೆಟ್ ನನ್ನನ್ನು ಜೀಪುಗಳ ಸಾಲಿನ ನಡುವಿಗೆ ಹಾಕಿದ್ದಾನೆಂದು ನನಗೆ ತಿಳಿದದ್ದು ಪೆಟ್ರೋಲ್ ಬಂಕಿನ ಮುಂದೆ, ಹಸಿರು ಮೆಣಸಿನಕಾಯಿ ತುಂಬಿದ ಬರೀಟೊ ರೊಟ್ಟಿಸುರುಳಿ ಅರ್ಧ ತಿಂದಿದ್ದಾಗ. ಉಳಿದರ್ಧವನ್ನು ಕಾಗದದಲ್ಲಿ ಸುತ್ತಿ ಸೀಟಿನ ಮೇಲೆ ಎಸೆದೆ.

ನಮ್ಮ ಜೀಪು ಕೂಟ ವಸಂತದ ಮೊದಲ ಸವಾರಿಗೆ ಆ ಬಂಕಿನಿಂದಲೇ ಹೊರಡುವುದು. ಮೊದಲ ಗಾಡಿ ಬಂಡೆಗಳ ನಡುವೆ ದಾರಿ ಹುಡುಕುತ್ತದೆ. ಕೊನೆಯ ಗಾಡಿಗೆ ನಾವು ಬಾಲ ಎನ್ನುತ್ತೇವೆ. ಕೆಟ್ಟು ನಿಂತವರನ್ನು, ದಾರಿ ತಪ್ಪಿದವರನ್ನು, ಫೋಟೊ ತೆಗೆಯಲು ಇಳಿದು ಮೈಮರೆತವರನ್ನು ಬಾಚಿಕೊಂಡು ಬರುವುದು ಬಾಲದ ಕೆಲಸ. ಕೂದಲು ನರೆಯುವ ಮುಂಚಿನಿಂದ ಬಾಲ ನಾನೇ. ಜೀವಮಾನವಿಡೀ ಶಾಲೆಯ ಬಸ್ಸು ಓಡಿಸಿದವಳು ನಾನು, ಹಿಂದೆ ಯಾರನ್ನಾದರೂ ಬಿಟ್ಟು ಬರುವುದು ನನ್ನ ಜಾಯಮಾನದಲ್ಲೇ ಇಲ್ಲ.

"ಯಾಕಯ್ಯಾ ಡ್ವೇನ್?" ಎಂದೆ.

ಈ ವರ್ಷ ಕೂಟದ ಮುಂದಾಳು ಅವನು. ಟೋಪಿ ತೆಗೆದು ಮತ್ತೆ ಹಾಕಿಕೊಂಡ. "ನಿಮ್ಮ ಭುಜ ಆಪರೇಷನ್ ಆಗಿದೆ ವರ್ನಾ. ಬಾಲದಲ್ಲಿರೋರು ಒಂಟಿ. ಪಂಕ್ಚರ್ ಆದ್ರೆ ಸ್ಟೆಪ್ನಿ ಇಳಿಸೋರು ಯಾರು? ಆ ಟೈರು ನಿಮ್ಮಷ್ಟೇ ತೂಕ ಇದೆ."

"ನಾನು ಅಷ್ಟು ತೆಳ್ಳಗಿದೀನಿ ಅಂದ್ಯಲ್ಲ, ಸಂತೋಷ. ಬಾ ಇಲ್ಲಿ, ಗಾಡಿ ಹಿಂದೆ ಬಂದು ನೋಡು."

ನಮ್ಮೂರಲ್ಲಿ ಜೀಪಿನ ಹಿಂಬಾಗಿಲು ನೋಡಿದರೆ ಸಾಕು, ಒಡೆಯ ಎಂಥವನೆಂದು ಹೇಳಬಹುದು. ಸಣ್ಣ ಟೈರಿಗೆಂದು ಮಾಡಿದ ಬಾಗಿಲಿಗೆ ದೊಡ್ಡ ಟೈರು ನೇತುಹಾಕಿ, ಬಾಗಿಲಿನ ಕೀಲು ಸೀಳಿಕೊಂಡ ಮೇಲೆ ಬುದ್ಧಿ ಕಲಿತವರೇ ಎಲ್ಲ. ನಾನೂ ಹಾಗೇ ಕಲಿತೆ. ನನ್ನ ಬಾಗಿಲಿಗೆ ಈಗ ಇರುವುದು ಚಳಿಗಾಲದಲ್ಲಿ ನನ್ನ ಗೆಳತಿ ಒಫೀಲಿಯಾ ಬಾಕಾ ವೆಲ್ಡ್ ಮಾಡಿಕೊಟ್ಟ ಚೌಕಟ್ಟು. ಬಾಗಿಲಿನ ಅಗಲಕ್ಕೂ ದಪ್ಪ ತಗಡು, ಅದರ ಮೇಲೆ ಬುಡದಲ್ಲಿ ಬಾಗುವ ಕಬ್ಬಿಣದ ತೋಳು, ಪಕ್ಕದಲ್ಲಿ ದೋಣಿ ಎಳೆಯಲು ಬಳಸುವಂಥ ಸಣ್ಣ ಕೈರಾಟೆ. ಹಿಡಿಕೆ ತಿರುಗಿಸಿದರೆ ಸ್ಟೆಪ್ನಿ ಮೆಲ್ಲಗೆ ಬಾಗಿ ಮೊಣಕಾಲಿನ ಮಟ್ಟಕ್ಕೆ ಇಳಿಯುತ್ತದೆ. ಹಿಂದಕ್ಕೆ ತಿರುಗಿಸಿದರೆ ಮತ್ತೆ ಏರಿ ಕೂರುತ್ತದೆ. ಎಡ ಭುಜಕ್ಕೆ ಕೆಲಸವೇ ಇಲ್ಲ.

ಡ್ವೇನ್ ಅದನ್ನು ತಿರುಗಿಸಿಯೂ ನೋಡಲಿಲ್ಲ. "ಕೂಟದ ಪದ್ಧತಿ ನಿಮಗೇ ಗೊತ್ತು. ಒಂಟಿಯಾಗಿ ಬರೋರು ಅವರವರ ಸ್ಟೆಪ್ನಿನ ಅವರವರ ಕೈಯಲ್ಲೇ ಇಳಿಸಿ ಏರಿಸ್ಬೇಕು. ಇದು ಯಂತ್ರ."

"ನಿನ್ನ ಗಾಡಿ ಮೂತಿಗೆ ಕಟ್ಟಿದೀಯಲ್ಲ ಹಗ್ಗ ಎಳೆಯೋ ವಿಂಚು, ಅದೇನು ಮತ್ತೆ? ಕಳೆದ ಸಲ ಹಳ್ಳಕ್ಕೆ ಇಳಿಸಿದ ಗಾಡಿನ ಹಲ್ಲಲ್ಲಿ ಕಚ್ಚಿ ಎಳ್ಕೊಂಡು ಬಂದ್ಯಾ?"

ಸುತ್ತ ನಿಂತವರೆಲ್ಲ ನಕ್ಕರು. ಅವರು ನಗಬಾರದಿತ್ತು. ಡ್ವೇನನ ಕಿವಿ ಕೆಂಪಾಯಿತು. ಈ ಹುಡುಗನೂ ನನ್ನ ಬಸ್ಸಿನಲ್ಲಿ ಬಂದವನೇ, ಪ್ರತಿ ತಿರುವಿಗೂ ವಾಂತಿ ಮಾಡುತ್ತಿದ್ದ. ಕಿವಿ ಕೆಂಪಾದರೆ ಬ್ರಹ್ಮ ಬಂದರೂ ಬಗ್ಗುವವನಲ್ಲ.

"ಬಾಲ ಒಫೀಲಿಯಾ," ಎಂದ. "ನೀವು ನಡುವೆ." ಹೇಳಿ ತನ್ನ ಗಾಡಿಯ ಕಡೆ ನಡೆದುಬಿಟ್ಟ.

ಒಫೀಲಿಯಾ ಪಕ್ಕದಲ್ಲೇ ನಿಂತು ತನ್ನ ಬೂಟು ನೋಡಿಕೊಳ್ಳುತ್ತಿದ್ದಳು.

"ನೀನು ಹೂಂ ಅಂದ್ಯಾ?"

"ಅಂದೆ."

"ಇದನ್ನ ಮಾಡಿಕೊಟ್ಟೋಳೇ ನೀನಲ್ಲವೇನೇ?"

"ಊರೊಳಗೆ ಓಡಾಡ್ಕೊಂಡಿರು ಅಂತ ಮಾಡಿಕೊಟ್ಟೆ. ಅಲ್ಲಿ ಮೇಲೆ ಒಬ್ಬಳೇ ಇದ್ದಾಗ ಆ ಭುಜ ಮತ್ತೆ ಹರ್ಕೊಂಡ್ರೆ? ಆಸ್ಪತ್ರೇಲಿ ನಿನ್ನ ಪಕ್ಕ ಕೂತಿದ್ದೋಳು ನಾನು ಕಣೇ, ಡ್ವೇನ್ ಅಲ್ಲ. ನೀನು ಅತ್ತಿದ್ದು ನಾನು ನೋಡಿದೀನಿ."

ಹಗೆಯವರ ಬಾಯಿ ಮುಚ್ಚಿಸಬಹುದು, ಪ್ರೀತಿಯಿಂದ ಕಾಲು ಕಟ್ಟಿಹಾಕುವವರನ್ನು ಏನು ಮಾಡುವುದು?

ನಡು ಎಂದರೇನೆಂದು ನನಗೆ ಗೊತ್ತು. ನಮ್ಮ ಕೂಟದಲ್ಲಿದ್ದ ವಾಲ್ಟರ್ ಮುದುಕನನ್ನು ಮೊದಲು ನಡುವಿಗೆ ಹಾಕಿದರು. ಮರುವರ್ಷ ಇನ್ನೊಬ್ಬರ ಗಾಡಿಯಲ್ಲಿ ಪಕ್ಕದ ಸೀಟು ಕೊಟ್ಟರು. ಅದರ ಮರುವರ್ಷ ಸಂಜೆಯ ಊಟಕ್ಕೆ ಮಾತ್ರ ಕರೆದರು, ತಟ್ಟೆಯನ್ನು ಕೂತಲ್ಲಿಗೇ ತಂದುಕೊಟ್ಟರು. ಅವನು ಜೀಪು ಮಾರಿದ. ಯಾರೂ ಅವನನ್ನು ಹೊರಗೆ ಹಾಕಲಿಲ್ಲ, ಎಲ್ಲರೂ ಒಳ್ಳೆಯವರೇ. ನನಗೆ ಹೆದರಿಕೆಯಾಯಿತು. ಹೆದರಿಕೆಯಾದಾಗ ನನಗೆ ಸಿಟ್ಟು ಬರುತ್ತದೆ, ಸಿಟ್ಟು ನೆತ್ತಿಗೇರಿದಾಗ ಬಾಯಿ ಮುಚ್ಚುತ್ತೇನೆ. ಬಸ್ಸಿನ ಮಕ್ಕಳಿಗೆಲ್ಲ ಇದು ಗೊತ್ತಿತ್ತು. ನಾನು ಬಾಯಿ ಮುಚ್ಚಿಕೊಂಡು ಹೋಗಿ ನಡುವಿನ ಜಾಗದಲ್ಲಿ ಗಾಡಿ ನಿಲ್ಲಿಸಿದೆ.

ಸಾಲು ಹೊರಟಿತು. ಡಾಂಬರು ಮುಗಿದು ಕೆಂಪು ಧೂಳು ಶುರುವಾಯಿತು. ನಮ್ಮ ಕೂಟದಲ್ಲಿ ಜಗಳಗಂಟರಿದ್ದಾರೆ, ಕುಡುಕರಿದ್ದಾರೆ, ಆದರೆ ಒಂದು ಕಟ್ಟಳೆಯನ್ನು ಅವರು ಕೂಡ ಮುರಿದವರಲ್ಲ. ನಿನ್ನ ಹಿಂದಿನ ಗಾಡಿಗೆ ನೀನು ಹೊಣೆ. ದಾರಿ ಕವಲೊಡೆದಲ್ಲಿ ಹಿಂದಿನವರು ಕಣ್ಣಿಗೆ ಬೀಳುವವರೆಗೂ ಚಕ್ರ ಉರುಳಿಸುವಂತಿಲ್ಲ. ಹೀಗಾಗಿ ಎಲ್ಲೋ ಒಬ್ಬರು ನಿಂತರೆ ಒಬ್ಬರ ಮುಂದೊಬ್ಬರಂತೆ ಮುಂದಾಳುವಿನವರೆಗೂ ಎಲ್ಲರೂ ನಿಲ್ಲಬೇಕು. ಈ ಕಟ್ಟಳೆಯ ಬಗ್ಗೆ ಯೋಚಿಸುತ್ತಾ ಯೋಚಿಸುತ್ತಾ ನನ್ನ ಸಿಟ್ಟಿಗೆ ಒಂದು ದಾರಿ ಸಿಕ್ಕಿತು.

ಮೊದಲ ಕವಲಿನ ಹತ್ತಿರ ಜೂನಿಪರ್ ಮರಗಳ ಕೆಳಗೆ ಜಾಗ ಅಗಲವಾಗಿದೆ. ಗಾಡಿ ಬದಿಗೆ ತೆಗೆದು ಎಂಜಿನ್ ಆರಿಸಿದೆ. ಹಿಂದಿನವರಿಗೆ ಮುಂದೆ ಹೋಗಿ ಎಂದು ಕೈಬೀಸಿದೆ. ಒಬ್ಬೊಬ್ಬರೂ ಕಿಟಕಿ ಇಳಿಸಿ ಏನಾಯ್ತು ಎಂದು ಕೇಳಿ, ಏನೂ ಆಗಿಲ್ಲ ಎಂದ ಮೇಲೆ ಅನುಮಾನದಲ್ಲೇ ದಾಟಿಹೋದರು. ಕೊನೆಗೆ ಒಫೀಲಿಯಾ ಬಂದು ಪಕ್ಕದಲ್ಲಿ ನಿಲ್ಲಿಸಿದಳು.

"ನಡಿ ಮುಂದೆ," ಎಂದಳು.

"ನೀನು ನಡಿ."

"ನಾನು ಬಾಲ. ನಿನ್ನ ಬಿಟ್ಟು ಹೋಗೋ ಹಾಗಿಲ್ಲ."

"ಹಾಗಾದ್ರೆ ಇಳಿದು ಕೂತ್ಕೋ. ಹೊತ್ತಾಗುತ್ತೆ."

ಜಾಕು, ಸ್ಪ್ಯಾನರು, ಸಲಿಕೆ ತೆಗೆದೆ. ಚಕ್ರಗಳಿಗೆ ಕಲ್ಲು ಕೊಟ್ಟೆ. ಬಲಗಡೆಯ ಹಿಂಚಕ್ರದ ನಟ್ಟುಗಳಿಗೆ ಸ್ಪ್ಯಾನರ್ ಸಿಕ್ಕಿಸಿ, ಅದರ ಮೇಲೆ ಹತ್ತಿ ನಿಂತು ಸಡಿಲಿಸಿದೆ. ಅಲ್ಲಿಗೆ ಒಫೀಲಿಯಾಗೆ ಅರ್ಥವಾಯಿತು.

"ಅಯ್ಯೋ ಹಟಮಾರಿ. ಚೆನ್ನಾಗಿರೋ ಟೈರನ್ನ ಬಿಚ್ತಾ ಇದೀಯಾ?"

"ಬೆಳಿಗ್ಗೆ ತೋರಿಸ್ತೀನಿ ಅಂದೆ. ಯಾರೂ ನೋಡ್ಲಿಲ್ಲ."

ಜಾಕು ಏರಿಸಿ ಚಕ್ರ ಕಳಚಿದೆ. ಕೈರಾಟೆ ತಿರುಗಿಸಿದೆ, ಸ್ಟೆಪ್ನಿ ಹೇಳಿದ ಮಾತು ಕೇಳುವ ಮಗುವಿನಂತೆ ಇಳಿದು ನಿಂತಿತು. ಅದನ್ನು ಬಿಚ್ಚಿ ಉರುಳಿಸಿಕೊಂಡು ಬರುವಾಗ ಕಲ್ಲಿಗೆ ತಾಗಿ ಜಾರಿ ಮಗುಚಿ ಬಿತ್ತು. ಧೂಳು ಮುಖಕ್ಕೆ ಹೊಡೆಯಿತು. ಒಫೀಲಿಯಾ ಓಡಿ ಬಂದಳು.

"ಮುಟ್ಟಬೇಡ."

"ವರ್ನಾ..."

"ನೀನು ಮುಟ್ಟಿದ್ರೆ ನಾನು ಇವತ್ತೇ ಈ ಜೀಪು ಮಾರ್ತೀನಿ. ದೇವರಾಣೆ."

ಅವಳು ಕೈ ಹಿಂದಕ್ಕೆ ಎಳೆದುಕೊಂಡಳು. ಸಲಿಕೆಯ ಕಾವನ್ನು ಟೈರಿನಡಿಗೆ ತೂರಿಸಿ ಮೀಟಿದೆ. ಮೊದಲ ಸಲ ಆಗಲಿಲ್ಲ. ಎರಡನೇ ಸಲ ಅರ್ಧ ಎದ್ದು ಮತ್ತೆ ಬಿತ್ತು. ಭುಜ ನೋಯಲಿಲ್ಲವೆಂದರೆ ಸುಳ್ಳು. ಕಣ್ಣಲ್ಲಿ ನೀರು ಬರುವಷ್ಟು ನೋಯಿತು. ಮತ್ತೆ ಮೀಟಿ, ಎದ್ದ ಅಂಚಿಗೆ ಸೊಂಟ ಕೊಟ್ಟು ನೂಕಿದೆ. ನಿಂತಿತು.

ಅಷ್ಟರಲ್ಲಿ ರೇಡಿಯೋ ಗರಗರ ಎಂದಿತು. "ಬಾಲ, ಎಲ್ಲಿದೀರಾ? ಇಲ್ಲಿ ಎಲ್ಲರೂ ಕಾಯ್ತಾ ನಿಂತಿದೀವಿ." ಡ್ವೇನನ ದನಿ.

"ಟೈರ್ ಬದಲಾಯಿಸ್ತಾ ಇದೀವಿ," ಎಂದಳು ಒಫೀಲಿಯಾ.

"ಯಾರ್ದು ಪಂಕ್ಚರ್?"

"ಯಾರ್ದೂ ಇಲ್ಲ."

"ಮತ್ತೆ?"

"ಚೆನ್ನಾಗಿರೋ ಟೈರ್ ತೆಗೆದು ಚೆನ್ನಾಗಿರೋ ಟೈರ್ ಹಾಕ್ತಿದಾಳೆ."

ಸಾಲಿನಲ್ಲಿ ಯಾರೋ ರೇಡಿಯೋದಲ್ಲೇ ನಕ್ಕರು. ಡ್ವೇನ್ ನಗಲಿಲ್ಲ. "ನೀವೇ ಅದನ್ನ ಹಾಕಿ ಕರ್ಕೊಂಡು ಬನ್ನಿ ಒಫೀಲಿಯಾ. ಬಿಸಿಲು ಏರ್ತಿದೆ."

ಅವಳ ಕೈಯಿಂದ ರೇಡಿಯೋ ಕಿತ್ತುಕೊಂಡೆ. "ಯಾರೂ ಮುಟ್ಟಲ್ಲ. ಅವಸರ ಇದ್ರೆ ನನ್ನ ಇಲ್ಲೇ ಬಿಟ್ಟು ಹೋಗು ಡ್ವೇನ್. ಬಿಟ್ಟು ಹೋಗ್ತೀನಿ ಅಂತ ಎಲ್ಲರಿಗೂ ಕೇಳೋ ಹಾಗೆ ಹೇಳ್ಬಿಡು."

ಅವನು ಹೇಳಲಿಲ್ಲ. ಹೇಳಿದ್ದರೆ ಆ ಕ್ಷಣಕ್ಕೇ ಅವನ ಮುಂದಾಳುತನ ಮುಗಿಯುತ್ತಿತ್ತು. ರೇಡಿಯೋ ವಾಪಸು ಕೊಟ್ಟು ನೆಲದ ಮೇಲೆ ಕೂತೆ. ಟೈರಿನ ಎರಡೂ ಬದಿಗೆ ಕಾಲು ಚಾಚಿ, ಅಡಿಗೆ ಸಲಿಕೆ ಕೊಟ್ಟು ಒತ್ತಿದೆ, ಬೋಲ್ಟುಗಳು ತೂತಿನೊಳಗೆ ಬಂದವು. ನಟ್ಟು ಬಿಗಿದು ಜಾಕು ಇಳಿಸಿದೆ. ಬಿಚ್ಚಿದ ಟೈರನ್ನು ಹಿಂದಕ್ಕೆ ಉರುಳಿಸಿ, ಸಲಿಕೆಯಿಂದಲೇ ತೋಳಿನ ಮೇಲೆ ಏರಿಸಿ, ಬಲಗೈಯಲ್ಲಿ ರಾಟೆ ತಿರುಗಿಸಿದೆ. ಕೊನೆಯ ಗೇಣಿನಲ್ಲಿ ಅದು ಮೊಂಡು ಮಾಡಿತು. ತಿರುಗಿ ನಿಂತು ಬೆನ್ನು ಕೊಟ್ಟು ಒತ್ತಿದೆ. ತೋಳನ್ನು ಭದ್ರವಾಗಿ ಹಿಡಿಯುವ ಕೀಲು ಕಡ್ಡಿ ಟಕ್ಕನೆ ಕೂತಿತು.

ಒಫೀಲಿಯಾ ಬಂದು ಚೌಕಟ್ಟನ್ನು ಎರಡೂ ಕೈಯಿಂದ ಹಿಡಿದು ಅಲುಗಾಡಿಸಿದಳು. ಕಡ್ಡಿ ಎಳೆದು ನೋಡಿದಳು. ಒಂದು ಸಲ ಒದ್ದೂ ನೋಡಿದಳು. ಏನೂ ಅಲುಗಲಿಲ್ಲ.

"ಭುಜ ನೋಯ್ತಿದ್ಯಾ?"

"ನೋಯ್ತಿದೆ."

"ನಾಳೆ ಕೈ ಎತ್ತೋಕಾಗಲ್ಲ ನಿನಗೆ."

"ನಾಳೆ ನಾನು ಟೈರ್ ಬಿಚ್ಚಲ್ಲ."

ಅವಳು ನನ್ನ ಮುಖ ನೋಡಿದಳು. ಬೈಯುತ್ತಾಳೆ ಎಂದುಕೊಂಡೆ. ಬೈಯಲಿಲ್ಲ. ಕರವಸ್ತ್ರ ಕೊಟ್ಟು, "ಮುಖ ಒರೆಸ್ಕೋ, ಮಸಿಯಾಗಿದೆ," ಎಂದು ತನ್ನ ಗಾಡಿ ಹತ್ತಿದಳು. ಎಂಜಿನ್ ಹಾಕಿ, ನನ್ನನ್ನು ದಾಟಿ, ಮುಂದಿನ ತಿರುವಿನಲ್ಲಿ ನಿಂತಳು. ಕನ್ನಡಿಯಲ್ಲಿ ನಾನು ಕಾಣಿಸುವುದನ್ನು ಕಾಯುತ್ತಿದ್ದಳು.

"ಬಾಲ, ಹೊರಟ್ರಾ?" ಡ್ವೇನ್ ಕೇಳಿದ.

ಈ ಪ್ರಶ್ನೆಗೆ ಬಾಲದಲ್ಲಿರುವವರು ಬಿಟ್ಟು ಬೇರೆ ಯಾರೂ ಉತ್ತರ ಕೊಡುವಂತಿಲ್ಲ. ಒಫೀಲಿಯಾ ರೇಡಿಯೋ ಹಿಡಿದ ಕೈಯನ್ನು ಕಿಟಕಿಯ ಹೊರಗೆ ಇಳಿಬಿಟ್ಟಿದ್ದು ನನಗೆ ಕಾಣುತ್ತಿತ್ತು. ಅವಳು ಅದನ್ನು ಬಾಯಿಯ ಹತ್ತಿರ ತರಲಿಲ್ಲ.

"ಬಾಲ? ಯಾರಾದ್ರೂ ಮಾತಾಡಿ."

ಇನ್ನೊಂದು ಸಲ ಕೇಳಲಿ ಎಂದು ಬಿಟ್ಟೆ. ಕೇಳಿದ. ಆಗ ನನ್ನ ರೇಡಿಯೋ ಎತ್ತಿಕೊಂಡೆ.

"ಬಾಲ ವರ್ನಾ. ಎಲ್ಲರೂ ನನ್ನ ಮುಂದಿದಾರೆ, ಹಿಂದೆ ಯಾರೂ ಉಳಿದಿಲ್ಲ. ನಡಿ."

ಆಮೇಲೆ ಡ್ವೇನ್, "ಸರಿ ವರ್ನಾ, ಹೊರಟೆ," ಎಂದ. ಮೇಲೆ ದಿಬ್ಬದ ತುದಿಯಲ್ಲಿ ಮೊದಲ ಎಂಜಿನ್ ಗುಟುರು ಹಾಕಿತು.